ಒಂದು ಗಂಟೆಯ ಒಂದೇ ಹಾಡು: ಕೇಳುವುದು ಹೇಗೆ, ಮಾಡುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ದಾವಣಗೆರೆಯವನು. ಇಂಜಿನಿಯರಿಂಗ್ ಮುಗಿಸಿ ಕೆಲಸದಲ್ಲಿದ್ದೇನೆ, ಗಿಟಾರ್ ನುಡಿಸುತ್ತೇನೆ. ಬೇಸ್‌ಗೊಬ್ಬ, ಡ್ರಮ್ಸ್‌ಗೊಬ್ಬ ಗೆಳೆಯರಿದ್ದಾರೆ. ಸ್ಟೋನರ್-ಡೂಮ್ ಮೆಟಲ್ (ಬಹಳ ನಿಧಾನದ, ಭಾರವಾದ ರಾಕ್ ಸಂಗೀತ) ಅಂದರೆ ಸ್ಲೀಪ್ ಬ್ಯಾಂಡಿನ ‘ಡೋಪ್‌ಸ್ಮೋಕರ್’ ಆಲ್ಬಂ ಕೇಳಲೇಬೇಕು ಅನ್ನುತ್ತಾರೆ. 63 ನಿಮಿಷ, ಒಂದೇ ಹಾಡು. ಮೊಬೈಲ್‌ನಲ್ಲಿ ಹಾಕಿದೆ, ಕಾಲು ಗಂಟೆಗೆ ಬೇಜಾರಾಗಿ ಬಿಟ್ಟೆ. ಅದರಲ್ಲಿ ಅಂಥದ್ದೇನಿದೆ? ಇನ್ನೊಂದು ವಿಷಯ, ನಾವು ಮೂವರೂ ಸೇರಿ ಕನ್ನಡದಲ್ಲಿ ಇಂಥದ್ದೊಂದು ಆಲ್ಬಂ ಮಾಡಬೇಕು ಅಂದುಕೊಂಡಿದ್ದೇವೆ. ಮಹಡಿ ಮೇಲಿನ 10 ಅಡಿಗೆ 12 ಅಡಿ ಕೋಣೆಯಲ್ಲಿ ಅಭ್ಯಾಸ. ತಂತಿಯ ಶ್ರುತಿ ಇಳಿಸಿ, ದನಿಯನ್ನು ಒರಟು ಮಾಡುವ ಫಜ್ ಪೆಡಲ್ ಹಾಕಿದ ಕೂಡಲೇ ಎಲ್ಲಾ ಕಲಸಿಹೋಗಿ ಬರೀ ಗುಂಯ್ ಅನ್ನುತ್ತದೆ. ಬೇಸ್ ತಂತಿ ಸಡಿಲಾಗಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಪಟ್ಟಿಗೆ) ಬಡಿಯುತ್ತದೆ. ಏನು ಮಾಡಬೇಕು?

ಉತ್ತರ: ಮೊದಲು ಮೊಬೈಲ್ ಪಕ್ಕಕ್ಕಿಡಿ. ಅದರ ಸ್ಪೀಕರಿನಿಂದ ಆ ಆಲ್ಬಮ್ಮಿನ ಅರ್ಧ ಭಾಗ ಹೊರಗೇ ಬರುವುದಿಲ್ಲ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ದಪ್ಪ ತಂತಿ ಇ ಸ್ವರದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಸ್ಲೀಪ್‌ನವರು ಅದನ್ನು ಸಿ ಸ್ವರಕ್ಕೆ ಇಳಿಸಿದ್ದಾರೆ, ಸೆಕೆಂಡಿಗೆ 65 ಕಂಪನ, ಅಂದರೆ 65 ಹರ್ಟ್ಜ್. ಬೇಸ್ ಅದರರ್ಧ, 33ರ ಹತ್ತಿರ. ಮೊಬೈಲಿನ ಪುಟ್ಟ ಸ್ಪೀಕರು 200–300 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನೂ ನುಡಿಯಲಾರದು. ಹಾಗಿದ್ದೂ ನಿಮಗೆ ಬೇಸ್ ಕೇಳಿಸಿದಂತೆ ಅನ್ನಿಸಿರುತ್ತದೆ. ಮೇಲಿನ ಉಪಸ್ವರಗಳನ್ನು ಕೇಳಿ ಕೆಳಗಿನ ಮೂಲಸ್ವರವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಊಹೆಯ ಸ್ವರಕ್ಕೆ ಎದೆ ನಡುಗುವುದಿಲ್ಲ. ಒಳ್ಳೆಯ ದೊಡ್ಡ ಹೆಡ್‌ಫೋನ್ ಇದ್ದರೆ ಅದರಲ್ಲಿ, ಇಲ್ಲವೇ ಮನೆಯಲ್ಲಿ ಅಪ್ಪನ ಕಾಲದ ಸ್ಟೀರಿಯೊ ಇದ್ದರೆ ಅದಕ್ಕೆ ತಂತಿ ಚುಚ್ಚಿ ಕೇಳಿ. ಕೆಲಸ ಮಾಡುತ್ತಾ ಬೇಡ. ಒಂದು ಗಂಟೆ ಕೂತು ಕೇಳಿ.

ಈಗ, ಅದರಲ್ಲಿ ಅಂಥದ್ದೇನಿದೆ ಅನ್ನುವ ಮಾತು. ಈ ಬಗೆಯ ಸಂಗೀತದಲ್ಲಿ ಭಾರ ಹುಟ್ಟುವುದು ಕಾಲದಿಂದ. ಜೋರಾದ ಶಬ್ದ, ಇಳಿಸಿದ ತಂತಿ, ಫಜ್ ಎಲ್ಲವೂ ಅದಕ್ಕೆ ಸೇವಕರು. ದೇವಸ್ಥಾನದ ದೊಡ್ಡ ಗಂಟೆ ಹೊಡೆದ ಮೇಲೆ ಕೈ ಇಟ್ಟು ನಿಲ್ಲಿಸದೆ ಬಿಟ್ಟರೆ ಅದರ ನಾದ ಎಷ್ಟು ಹೊತ್ತು ಇಳಿಯುತ್ತಾ ಹೋಗುತ್ತದೆ, ಇಳಿಯುವಾಗ ಅದರೊಳಗಿನ ಬೇರೆ ಬೇರೆ ಸ್ವರಗಳು ಹೇಗೆ ಒಂದೊಂದಾಗಿ ಕೇಳಿಸತೊಡಗುತ್ತವೆ ಅಂತ ಗಮನಿಸಿದ್ದೀರಲ್ಲ? ಡೂಮ್ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅಂದರೆ ಅದೇ ಬಿಡುವನ್ನು ತಂತಿಗೆ ಕೊಡುವುದು. ವೇಗದ ಮೆಟಲ್‌ನಲ್ಲಿ ಒಂದು ಸ್ವರ ಅರಳುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ. ಇಲ್ಲಿ ಸ್ವರ ಹುಟ್ಟಿ, ಹಿಗ್ಗಿ, ಸವೆದು, ಆಂಪ್‌ನ (ಗಿಟಾರಿನ ದನಿ ಹೆಚ್ಚಿಸುವ ಪೆಟ್ಟಿಗೆಯ) ಫೀಡ್‌ಬ್ಯಾಕ್ ಕೂಗಾಗಿ ತಿರುಗುವವರೆಗೂ ಕಾಯುತ್ತಾರೆ. ಹಾಗೆ ಕಾಯಲು ಹಾಡು ನಿಧಾನವಾಗಬೇಕು. ಅದು ಮೈಗೆ ಇಳಿಯಬೇಕಾದರೆ ಉದ್ದವೂ ಆಗಬೇಕು.

ಆದ್ದರಿಂದ ‘ಮುಂದೇನು ಬರುತ್ತದೆ’ ಅಂತ ಕಾಯುತ್ತಾ ಕೇಳಿದರೆ ಕಾಲು ಗಂಟೆಗೆ ಬೇಜಾರಾಗುವುದು ಸಹಜ. ಆರಂಭದಲ್ಲಿ ಗಿಟಾರ್ ಒಂದೇ ಇರುತ್ತದೆ. ಆಮೇಲೆ ಬೇಸ್ ಮತ್ತು ಡ್ರಮ್ಸ್ ಸೇರುತ್ತವೆ. ಹಾಡುವ ದನಿ ಬರಲು ಸುಮಾರು ಎಂಟು ನಿಮಿಷ ಹಿಡಿಯುತ್ತದೆ. ಆ ಎಂಟು ನಿಮಿಷ ಗಿಟಾರನ್ನು ಬಿಟ್ಟು ಡ್ರಮ್ಮರ್ ಕ್ರಿಸ್ ಹಾಕಿಯಸ್ ಮೇಲೆ ಕಿವಿ ಇಡಿ. ರಿಫ್ ಹಾಗೇ ಇರುತ್ತದೆ, ಅದರ ಕೆಳಗೆ ಅವರು ಪೆಟ್ಟಿನ ಜಾಗ ಬದಲಿಸುತ್ತಾ ಹೋಗುತ್ತಾರೆ. ಎಲ್ಲಿ ಸಿಂಬಲ್ ಬಿಟ್ಟರು, ಎಲ್ಲಿ ಟಾಮ್‌ಗಳಿಗೆ ಇಳಿದರು, ಎಲ್ಲಿ ಒಂದು ಪೆಟ್ಟನ್ನು ಬೇಕೆಂದೇ ನುಂಗಿದರು ಎಂದು ನೋಡಿ. ಅದೇ ರಿಫ್ ಒಮ್ಮೆ ನಡೆಯುತ್ತದೆ, ಇನ್ನೊಮ್ಮೆ ತೂಗುತ್ತದೆ, ಮತ್ತೊಮ್ಮೆ ಎಳೆದುಕೊಂಡು ಹೋಗುತ್ತದೆ. ಎರಡನೇ ಸಲ ಅಲ್ ಸಿಸ್ನೆರೋಸ್ ಅವರ ಬೇಸ್ ಹಿಂದೆ ಹೋಗಿ. ಮ್ಯಾಟ್ ಪೈಕ್ ಗಿಟಾರಿನಲ್ಲಿ ಸ್ವರ ಹಿಡಿದು ನಿಂತಾಗ ಬೇಸ್ ಎಲ್ಲೆಲ್ಲಿ ಓಡಾಡುತ್ತದೆ ಅಂತ ತಿಳಿದರೆ ಆ 63 ನಿಮಿಷದಲ್ಲಿ ಎಷ್ಟು ಮಾತುಕತೆ ಇದೆ ಎಂಬುದು ಗೊತ್ತಾಗುತ್ತದೆ.

ಈ ಆಲ್ಬಮ್ಮಿನ ಕಥೆಯೂ ನೋವಿನದು. ಸ್ಲೀಪ್ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಊರಿನ ಮೂವರು ಹುಡುಗರ ಬ್ಯಾಂಡ್. ಸಣ್ಣ ಕಂಪನಿಯಿಂದ ಬಂದ ಆಲ್ಬಂ ಹೆಸರು ಮಾಡಿದ ಮೇಲೆ ಲಂಡನ್ ರೆಕಾರ್ಡ್ಸ್ ಎಂಬ ದೊಡ್ಡ ಕಂಪನಿ ಅವರ ಜೊತೆ ಕರಾರು ಮಾಡಿಕೊಂಡಿತು. 1996ರಲ್ಲಿ ಬಿಲ್ಲಿ ಆಂಡರ್ಸನ್ ಎಂಬ ಧ್ವನಿತಜ್ಞರ ಜೊತೆ ಅವರು ಈ ಒಂದೇ ಹಾಡನ್ನು ಧ್ವನಿಮುದ್ರಿಸಿದರು. ಆಗಿನದು ಟೇಪು. ಹಾಡಿನ ಉದ್ದಕ್ಕೆ ಒಂದು ರೀಲು ಸಾಲದೆ ತುಂಡು ತುಂಡಾಗಿ ನುಡಿಸಿ ಜೋಡಿಸಬೇಕಾಯಿತು. ಕೊಟ್ಟದ್ದನ್ನು ಕಂಪನಿ ಹಾಗೇ ಹೊರತರಲು ಒಪ್ಪಲಿಲ್ಲ. ಆ ಹಗ್ಗಜಗ್ಗಾಟದಲ್ಲಿ ಬ್ಯಾಂಡೇ ಒಡೆಯಿತು. 1999ರಲ್ಲಿ ‘ಜೆರುಸಲೇಮ್’ ಎಂಬ ಹೆಸರಿನಲ್ಲಿ 52 ನಿಮಿಷದ ರೂಪ ಬಂತು, 2003ರಲ್ಲಿ 63 ನಿಮಿಷದ ‘ಡೋಪ್‌ಸ್ಮೋಕರ್’, 2012ರಲ್ಲಿ ಸದರ್ನ್ ಲಾರ್ಡ್ ಸಂಸ್ಥೆಯ ಹೊಸ ಮಾಸ್ಟರಿಂಗ್ (ಹೊರತರುವ ಮುಂಚೆ ದನಿಯನ್ನು ಕೊನೆಯದಾಗಿ ಹದ ಮಾಡುವುದು). ನೀವು 2012ರದ್ದನ್ನೇ ಹುಡುಕಿ ಕೇಳಿ, ಬೇಸ್ ಅದರಲ್ಲಿ ಬಿಚ್ಚಿಕೊಂಡಿದೆ. ಒಡೆದ ಬ್ಯಾಂಡ್ 2009ರಲ್ಲಿ ಮತ್ತೆ ವೇದಿಕೆಗೆ ಬಂತು, 2018ರಲ್ಲಿ ಹೊಸ ಆಲ್ಬಮ್ಮನ್ನೂ ಕೊಟ್ಟಿತು. ಹೈ ಆನ್ ಫೈರ್ ಎಂಬ ತಮ್ಮ ಇನ್ನೊಂದು ಬ್ಯಾಂಡಿನ ಜೊತೆ ಮ್ಯಾಟ್ ಪೈಕ್‌ಗೆ 2019ರಲ್ಲಿ ಗ್ರ್ಯಾಮಿ ಸಿಕ್ಕಿತು. ಮಾರಾಟವಾಗದ ಹಾಡು ಎಂದು ಬದಿಗಿಟ್ಟ ಧ್ವನಿಮುದ್ರಿಕೆ ಇವತ್ತಿಗೂ ಹೊಸ ಬ್ಯಾಂಡುಗಳಿಗೆ ಅಳತೆಗೋಲಾಗಿದೆ.

ಇದರ ಬೇರು ಇನ್ನೂ ಹಿಂದಿನದು, ಮತ್ತು ಅದು ದಾವಣಗೆರೆಯವರಿಗೆ ದೂರದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಮುಂದೆ ಬ್ಲ್ಯಾಕ್ ಸಬ್ಬಾತ್ ಬ್ಯಾಂಡಿನ ಗಿಟಾರಿಸ್ಟ್ ಆದ ಟೋನಿ ಐಯೋಮಿ ಅಲ್ಲಿನ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 17ನೇ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರು, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ತೆಳು ತಂತಿ ಹಾಕಿಕೊಂಡು ಮತ್ತೆ ನುಡಿಸಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂ ಹೊತ್ತಿಗೆ ಬ್ಲ್ಯಾಕ್ ಸಬ್ಬಾತ್ ಕೆಲವು ಹಾಡುಗಳಿಗೆ ತಂತಿಯನ್ನು ಮೂರು ಅರ್ಧಸ್ವರ ಕೆಳಗಿಳಿಸಿತ್ತು. ಅಷ್ಟು ಇಳಿಸಿದರೆ ತಂತಿಯ ಬಿಗಿ ಸುಮಾರು ಶೇ. 30 ಕಡಿಮೆಯಾಗುತ್ತದೆ, ನೊಂದ ಬೆರಳಿಗೆ ಅಷ್ಟು ಆರಾಮ. ಒಬ್ಬ ಕಾರ್ಮಿಕನ ಗಾಯದ ಗುರುತು ಈ ಇಡೀ ಪ್ರಕಾರದ ದನಿಯಲ್ಲಿ ಉಳಿದಿದೆ. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡು, ಹತ್ತಿ ಗಿರಣಿಗಳ ಸದ್ದಿನಲ್ಲೇ ಬೆಳೆದು, ಆ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ್ದನ್ನು ಕಂಡ ಊರು ನಿಮ್ಮದು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಗಿರಣಿಯಲ್ಲಿ ದುಡಿದವರು ಇದ್ದೇ ಇರುತ್ತಾರೆ. ಹೋಗಿ ಮಾತಾಡಿಸಿ. ಪಾಳಿ ಬದಲಾಗುವ ಸೈರನ್ನು, ಮಗ್ಗದ ಮನೆಯೊಳಗೆ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳದಂಥ ಸದ್ದು, ಆಮೇಲೆ ಬಂದ ಮೌನ. ನಿಮ್ಮ ಆಲ್ಬಮ್ಮಿಗೆ ವಸ್ತು ಅಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೋಟೆ, ಓಬವ್ವ, ಏಳು ಸುತ್ತು ಬೇಡವೇ ಎಂದರೆ, ನಾನು ಚಿತ್ರದುರ್ಗದಲ್ಲೇ ಕೂತು ಬರೆಯುತ್ತಿದ್ದೇನೆ, ಕಿಟಕಿಯಿಂದ ಬಂಡೆಗಳು ಕಾಣುತ್ತವೆ, ಅವುಗಳ ಮೇಲೆ ನನಗಿರುವ ಪ್ರೀತಿ ಕಡಿಮೆಯದಲ್ಲ. ಆದರೆ ನನ್ನಲ್ಲಿಗೆ ಬರುವ ಹುಡುಗರ ಬ್ಯಾಂಡುಗಳೆಲ್ಲ ಮೊದಲ ಹಾಡನ್ನು ಕೋಟೆಯ ಮೇಲೆಯೇ ಬರೆದಿರುತ್ತವೆ. ನೀವು ನಿತ್ಯ ಕೇಳುವ ಭಾರವಾದ ಸದ್ದುಗಳನ್ನು ಹಿಡಿಯಿರಿ. ರಾತ್ರಿಯಿಡೀ ಕೊರೆದರೂ ನೀರು ಸಿಗದ ಬೋರ್‌ವೆಲ್ ಲಾರಿ, ಹೆದ್ದಾರಿಯ ಲಾರಿಗಳ ಸಾಲು, ಮೆಕ್ಕೆಜೋಳದ ರಾಶಿಯ ಮೇಲೆ ಓಡುವ ಯಂತ್ರ. ಇವು ಯಾವ ಕ್ಯಾಲಿಫೋರ್ನಿಯಾದ ಬ್ಯಾಂಡಿಗೂ ಸಿಗದ ಸರಕು.

ನಿಧಾನದ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಒಂದು ಗಂಟೆ ಒಂದೇ ಹಾಡು ನಮ್ಮ ನಾಡಿಗೆ ಹೊಸತೇನಲ್ಲ. ನಿಮ್ಮ ಊರಿಂದ ರೈಲು ಹತ್ತಿದರೆ ಎರಡು ಮೂರು ಗಂಟೆಯಲ್ಲಿ ಹುಬ್ಬಳ್ಳಿ, ಗಂಗೂಬಾಯಿ ಹಾನಗಲ್ ಅವರ ಊರು. ಅವರ ಗುರು ಸವಾಯಿ ಗಂಧರ್ವರು ಕುಂದಗೋಳದವರು. ಅದು ಕಿರಾಣಾ ಘರಾಣೆ, ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಬಿಡಿಸುವ ಪರಂಪರೆ. ವಿಲಂಬಿತ ಏಕತಾಲದ 12 ಮಾತ್ರೆಯ ಒಂದು ಆವರ್ತ ಅತಿ ನಿಧಾನವಾದರೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಕೆಳಗೆ ತಂಬೂರಿ ಒಂದೇ ಸಮನೆ. ಗಾಯಕಿ ಷಡ್ಜದ ಸುತ್ತಲೇ ಹತ್ತು ನಿಮಿಷ ಇದ್ದರೂ ಯಾರೂ ‘ಮುಂದೇನು’ ಅಂತ ಕೇಳುವುದಿಲ್ಲ. ಸ್ಲೀಪ್‌ನವರು ಇದನ್ನು ಅರಿತಿದ್ದರೋ ಇಲ್ಲವೋ, ಅಲ್ ಸಿಸ್ನೆರೋಸ್ ಮತ್ತು ಕ್ರಿಸ್ ಹಾಕಿಯಸ್ ಆಮೇಲೆ ಕಟ್ಟಿದ ಓಂ ಎಂಬ ಬ್ಯಾಂಡಿನ 2009ರ ಆಲ್ಬಮ್ಮಿನಲ್ಲಿ ತಂಬೂರಿಯೇ ಇದೆ. ಅವರ 2012ರ ಆಲ್ಬಮ್ಮಿನ ಹೆಸರಿನಲ್ಲಿ ಅದ್ವೈತವೂ ಇದೆ. ನಿಮ್ಮ ಅಭ್ಯಾಸಕ್ಕೆ ಇದರಿಂದ ಒಂದು ಉಪಾಯ ಹೇಳುತ್ತೇನೆ. ಶ್ರುತಿಪೆಟ್ಟಿಗೆಯ ಆಪ್ ಹಾಕಿ ಸಿ ಸ್ವರ ಇಟ್ಟುಕೊಂಡು ಮೂವರೂ ಅದರ ಮೇಲೆ ನುಡಿಸಿ. ಯಾರ ತಂತಿ ಶ್ರುತಿ ತಪ್ಪಿದೆ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಫಜ್ ಹಾಕಿದ ಮೇಲೆ ಸಣ್ಣ ಶ್ರುತಿದೋಷವೂ ದೊಡ್ಡ ಗದ್ದಲವಾಗುತ್ತದೆ, ನಿಮ್ಮ ‘ಗುಂಯ್’ನಲ್ಲಿ ಇದರ ಪಾಲು ಖಂಡಿತ ಇದೆ.

ಗಾಂಜಾ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಆಲ್ಬಮ್ಮಿನ ಹೆಸರಿನಲ್ಲೇ ಅದಿದೆ, ಸಾಹಿತ್ಯದ ತುಂಬಾ ಮರುಭೂಮಿಯಲ್ಲಿ ಗಾಂಜಾ ಭಕ್ತರ ಯಾತ್ರೆಯಿದೆ, ಸ್ಟೋನರ್ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ಸೇದಿದರೇ ಈ ಸಂಗೀತ ಅರ್ಥವಾಗುವುದು ಅನ್ನುವವರು ನಿಮಗೂ ಸಿಕ್ಕಿರುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸ್ವರ ಸವೆಯುವುದನ್ನು ಕೇಳಲು ಎಚ್ಚರ ಬೇಕು. ಒಂದು ಗಂಟೆ ತಾಳ ತಪ್ಪದೆ ನುಡಿಸಲು ಅದಕ್ಕಿಂತ ಹೆಚ್ಚು ಎಚ್ಚರ ಬೇಕು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಇದೆ, ಒಂದು ಸಲ ಕೇಸಾದರೆ ನೌಕರಿ, ಪಾಸ್‌ಪೋರ್ಟ್ ಎಲ್ಲಕ್ಕೂ ಕುತ್ತು. ನಿಮ್ಮ ಗೆಳೆಯರಿಗೂ ಇದನ್ನು ಓದಿ ಹೇಳಿ.

ದೊಡ್ಡ ಹಾಡಿಗೆ ಕಿವಿ ಕೂರದಿದ್ದರೆ ಚಿಕ್ಕದರಿಂದ ಬನ್ನಿ. ಮೇಲೆ ಹೇಳಿದ ಸಬ್ಬಾತ್‌ನ 1971ರ ಆಲ್ಬಂ ಮೊದಲು. ಆಮೇಲೆ ಕ್ಯಾಲಿಫೋರ್ನಿಯಾದ ಮರುಭೂಮಿಯ ಊರು ಪಾಮ್ ಡೆಸರ್ಟ್‌ನ ಕಯಸ್, 1992 ಮತ್ತು 1994ರ ಆಲ್ಬಂಗಳು. ಅವರ ಗಿಟಾರಿಸ್ಟ್ ಜಾಶ್ ಹೊಮ್ಮಿ ಗಿಟಾರನ್ನು ಬೇಸ್ ಆಂಪ್‌ಗೆ ಜೋಡಿಸಿ ನುಡಿಸುತ್ತಿದ್ದರು, ಇದು ನಿಮಗೂ ಉಪಯೋಗದ ವಿಷಯ. ಇಂಗ್ಲೆಂಡಿನ ಎಲೆಕ್ಟ್ರಿಕ್ ವಿಝರ್ಡ್‌ನ 2000ದ ‘ಡೋಪ್‌ಥ್ರೋನ್’ ಆ ದನಿಯ ಕತ್ತಲ ಬದಿ. ನಮ್ಮ ಬೆಂಗಳೂರಿನ ಬೇವರ್ ಸೀ ಬ್ಯಾಂಡನ್ನು ತಪ್ಪದೆ ಕೇಳಿ, 2012 ಮತ್ತು 2015ರಲ್ಲಿ ಆಲ್ಬಂ ತಂದರು. ಹೆಸರು ಎಲ್ಲಿಂದ ಬಂತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಭಾರವಾದ ಮೆಟಲ್ ಸಾಧ್ಯವೇ ಎಂಬ ಅನುಮಾನವಿದ್ದರೆ ಬೆಂಗಳೂರಿನದೇ ಆದ ದ್ವೇಷ ಬ್ಯಾಂಡಿನ 2014ರ ‘ಸ್ತೂಪ’ ಕೇಳಿ. ಅದು ಡೆತ್ ಮೆಟಲ್, ಡೂಮ್ ಅಲ್ಲ. ಆದರೂ ಕನ್ನಡ ಆ ಭಾರ ಹೊರುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನಿಮ್ಮ ಕೋಣೆಗೆ ಬರೋಣ. ಗದ್ದಲದ ದೊಡ್ಡ ಕಾರಣ ಕೋಣೆಯೇ. 33 ಹರ್ಟ್ಜ್‌ನ ಒಂದು ಅಲೆಯ ಉದ್ದ ಹತ್ತು ಮೀಟರ್‌ಗಿಂತ ಹೆಚ್ಚು, ನಿಮ್ಮ ಕೋಣೆಯ ಉದ್ದ ಮೂರೂವರೆ ಮೀಟರ್ ಚಿಲ್ಲರೆ. 12 ಅಡಿಯ ಗೋಡೆಗಳ ನಡುವೆ 47 ಹರ್ಟ್ಜ್ ಹತ್ತಿರದ ಸ್ವರ, 10 ಅಡಿಯ ಗೋಡೆಗಳ ನಡುವೆ 56ರ ಹತ್ತಿರದ ಸ್ವರ ನಿಂತುಬಿಡುತ್ತವೆ. ಬೇಸ್‌ನಲ್ಲಿ ಎಫ್ ಶಾರ್ಪ್, ಜಿ, ಎ ನುಡಿಸಿದಾಗ ಕೋಣೆ ಕೂಗುತ್ತದೆ, ಪಕ್ಕದ ಸ್ವರ ಕೇಳಿಸುವುದೇ ಇಲ್ಲ. ಪರೀಕ್ಷೆ ಮಾಡಿ ನೋಡಿ: ಬೇಸ್‌ನವನು ಜಿ ಹಿಡಿದು ನಿಲ್ಲಲಿ, ನೀವು ಉದ್ದದ ಗೋಡೆಗುಂಟ ನಿಧಾನ ನಡೆಯಿರಿ. ಕೊನೆಯ ಗೋಡೆಗೆ ಒರಗಿದರೆ ಕಿವಿ ತುಂಬುತ್ತದೆ, ನಡುಮಧ್ಯದಲ್ಲಿ ಅದು ಇಳಿದುಹೋಗುತ್ತದೆ. ಆಂಪ್‌ಗಳನ್ನು ಮೂಲೆಯಿಂದ ಈಚೆಗೆ ತನ್ನಿ, ಮೂಲೆ ಬೇಸನ್ನು ಹಿಗ್ಗಿಸುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಡಿ, ಈ ಕೆಳಸ್ವರಗಳಿಗೆ ಅದು ಇದ್ದೂ ಇಲ್ಲದಂತೆ. ದಾವಣಗೆರೆಯಲ್ಲಿ ಹತ್ತಿ ಗಾದಿಗೆ ಬರವಿಲ್ಲ. ಹಳೆಯ ದಪ್ಪ ಗಾದಿಗಳನ್ನು ಸುತ್ತಿ ನಾಲ್ಕೂ ಮೂಲೆಗೆ ನೆಲದಿಂದ ಸೂರಿನವರೆಗೆ ನಿಲ್ಲಿಸಿ. 47 ಹರ್ಟ್ಜ್ ಅದಕ್ಕೂ ಪೂರ್ತಿ ಬಗ್ಗುವುದಿಲ್ಲ, ಆದರೆ 100ರಿಂದ ಮೇಲಿನ ಕೆಸರು ಬಹಳ ತಿಳಿಯಾಗುತ್ತದೆ.

ಆ ಕೋಣೆಯಲ್ಲಿ ಡ್ರಮ್ಸ್ ಜೊತೆ ನುಡಿಸುವಾಗ 100 ಡೆಸಿಬಲ್ ದಾಟುವುದು ಕಷ್ಟವೇನಲ್ಲ. 85 ಡೆಸಿಬಲ್ ಎಂಟು ಗಂಟೆ ಸಹ್ಯ ಅಂತ ಕೆಲಸದ ಜಾಗಗಳ ಸುರಕ್ಷತೆಗೆ ಅಮೆರಿಕದ ತಜ್ಞ ಸಂಸ್ಥೆ ಹಾಕಿಕೊಟ್ಟ ಲೆಕ್ಕ. ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ, 100ಕ್ಕೆ ಬರೀ 15 ನಿಮಿಷ. ಇಯರ್‌ಪ್ಲಗ್ ಇಲ್ಲದೆ ಆ ಬಾಗಿಲು ದಾಟಬೇಡಿ. ಹೋದ ಕಿವಿ ವಾಪಸ್ ಬರುವುದಿಲ್ಲ. ಗಿರಣಿಯ ಹಿರಿಯರನ್ನು ಮಾತಾಡಿಸುವಾಗ ಇದನ್ನೂ ಕೇಳಿ ನೋಡಿ.

ನೀವು ಹೇಳುವ ‘ಗುಂಯ್’ ನೀವು ನುಡಿಸದೆ ಇದ್ದಾಗಲೂ ಕೇಳಿಸುತ್ತದೆಯೇ? ಹಾಗಾದರೆ ಅದು ಕರೆಂಟಿನದು. ನಮ್ಮ ವಿದ್ಯುತ್ತು 50 ಹರ್ಟ್ಜ್, ಫಜ್ ಪೆಡಲ್ ಅದನ್ನೂ ಗಿಟಾರಿನಷ್ಟೇ ಪ್ರೀತಿಯಿಂದ ದೊಡ್ಡದು ಮಾಡುತ್ತದೆ. ಹಳೆಯ ಮನೆಯ ಮಹಡಿಯ ಪ್ಲಗ್‌ಗಳಿಗೆ ಅರ್ಥಿಂಗ್ ಇದೆಯೋ ಇಲ್ಲವೋ ಅಂತ ಎಲೆಕ್ಟ್ರಿಷಿಯನ್‌ನ ಕರೆಸಿ ನೋಡಿಸಿ. ಸದ್ದು ಹೋಗಲಿ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯುವುದನ್ನು ನೋಡಿದ್ದೇನೆ. ಅದು ಜೀವಕ್ಕೇ ಅಪಾಯ, ಗಿಟಾರ್ ತಂತಿಯೂ ಮೈಕಿನ ಜಾಲರಿಯೂ ಒಟ್ಟಿಗೆ ತಾಗಿದರೆ ಕರೆಂಟು ಹಾಯುವುದು ನಿಮ್ಮ ತುಟಿಯಿಂದ ಕೈಗೆ. ಎಲ್ಲಾ ಆಂಪ್, ಪೆಡಲ್‌ಗಳನ್ನು ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಈ ಸದ್ದನ್ನು ತಗ್ಗಿಸುವ ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಇರುವ ಗಿಟಾರ್ ಬಳಸಿ.

ಫಜ್ ಬಗ್ಗೆ ನನ್ನ ಖಚಿತ ಅಭಿಪ್ರಾಯ: ನೀವು ಅಂದುಕೊಂಡದ್ದರ ಅರ್ಧದಷ್ಟು ಸಾಕು. ಗೇನ್ (ಪೆಡಲ್ ದನಿಯನ್ನು ಹಿಗ್ಗಿಸುವ ಮಟ್ಟ) ಹೆಚ್ಚಿದಷ್ಟೂ ಪೆಟ್ಟಿನ ಅಂಚು ಸವೆಯುತ್ತದೆ. ಪೆಟ್ಟಿನ ಅಂಚೇ ಇಲ್ಲದಿದ್ದರೆ ನಿಧಾನ ಲಯ ಎಲ್ಲಿ ಬೀಳುತ್ತಿದೆ ಎಂಬುದೇ ಕೇಳುವವರಿಗೆ ತಿಳಿಯುವುದಿಲ್ಲ. ಬಿಗ್ ಮಫ್ ಜಾತಿಯ ಪೆಡಲ್‌ಗಳು ಒಂದು ಕಿಲೋಹರ್ಟ್ಜ್ ಆಸುಪಾಸಿನ ನಡುಸ್ವರಗಳನ್ನು ತಗ್ಗಿಸುತ್ತವೆ. ಒಬ್ಬರೇ ನುಡಿಸುವಾಗ ಅದು ವಿಶಾಲವಾಗಿ ಕೇಳುತ್ತದೆ, ಡ್ರಮ್ಸ್ ಬಂದ ಕೂಡಲೇ ಗಿಟಾರ್ ಮಾಯ. ಆಂಪ್‌ನಲ್ಲಿ ಬೇಸ್ ಕಡಿಮೆ ಮಾಡಿ, ಮಿಡಲ್ ಏರಿಸಿ. ಐಯೋಮಿ ತಮ್ಮ ಆ ಕಪ್ಪು ದನಿಗೆ ಆರಂಭದ ವರ್ಷಗಳಲ್ಲಿ ಬಳಸಿದ್ದು ಟ್ರೆಬಲ್ ಬೂಸ್ಟರ್, ಅಂದರೆ ಮೇಲುಸ್ವರ ಹೆಚ್ಚಿಸುವ ಸಾಧನ. ಕೆಳಗಿನ ಜಾಗವನ್ನು ಬೇಸ್‌ಗೆ ಬಿಟ್ಟುಕೊಟ್ಟಾಗ ಮಾತ್ರ ಗಿಟಾರ್ ದೊಡ್ಡದಾಗಿ ಕೇಳುತ್ತದೆ. ಮಿಕ್ಸ್ ಮಾಡುವಾಗಲೂ ಗಿಟಾರಿನ ಹಾದಿಯಲ್ಲಿ 80–100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ. ಬೇಸ್ ಅನ್ನು ಎರಡು ಹಾದಿಯಾಗಿ ಒಡೆಯಿರಿ, ಒಂದು ಶುದ್ಧವಾಗಿ ಕೆಳಸ್ವರಕ್ಕೆ, ಇನ್ನೊಂದು ಫಜ್ ಹಾಕಿ ಮೇಲ್ಸ್ವರಕ್ಕೆ. ಮೊಬೈಲಿನಲ್ಲಿ ಕೇಳುವವರಿಗೆ ನಿಮ್ಮ ಬೇಸ್ ತಲುಪುವುದು ಆ ಎರಡನೆಯ ಹಾದಿಯಿಂದಲೇ.

ದಾವಣಗೆರೆಯಲ್ಲಿ ಡ್ರಮ್ಸ್ ರೆಕಾರ್ಡ್ ಮಾಡಲು ದೊಡ್ಡ ಸ್ಟುಡಿಯೊ ಹುಡುಕಬೇಡಿ, ಆಷಾಢ ಬರುವವರೆಗೆ ಕಾಯಿರಿ. ಮದುವೆಯಿಲ್ಲದ ಆ ತಿಂಗಳು ಕಲ್ಯಾಣ ಮಂಟಪಗಳು ಖಾಲಿ. ಪರಿಚಯದವರ ಮೂಲಕ ಅರ್ಧ ದಿನಕ್ಕೆ ಕೇಳಿದರೆ ಕಡಿಮೆಗೆ ಸಿಗುತ್ತದೆ. ಎತ್ತರದ ಸೂರು, ಗಟ್ಟಿ ನೆಲ, ಉದ್ದದ ಮಾರ್ದನಿ. ವೇಗದ ಬ್ಯಾಂಡಿಗೆ ಆ ಮಾರ್ದನಿ ಶತ್ರು. ನಿಮಗೆ ಅದು ನಾಲ್ಕನೆಯ ವಾದ್ಯ, ಏಕೆಂದರೆ ಒಂದು ಪೆಟ್ಟಿನ ಮಾರ್ದನಿ ಇಳಿಯಲು ನಿಮ್ಮ ಲಯದಲ್ಲಿ ಸಮಯವಿದೆ. ಮಾರ್ದನಿ ಅತಿಯಾದರೆ ಮಂಟಪದ ಜಮಖಾನೆಗಳನ್ನೇ ಡ್ರಮ್ಸ್ ಸುತ್ತ ಹಾಸಿ, ಕುರ್ಚಿಗಳ ಮೇಲೆ ಹೊದಿಸಿ. ಕಿಕ್‌ಗೊಂದು, ಸ್ನೇರ್‌ಗೊಂದು, ಮೇಲೆ ಎರಡು, ಹೀಗೆ ನಾಲ್ಕು ಮೈಕು ಸಾಕು. ಐದನೆಯದು ಸಿಕ್ಕರೆ ಊಟದ ಹಾಲ್‌ನ ಬಾಗಿಲಲ್ಲಿ ದೂರಕ್ಕಿಡಿ. ಫ್ಯಾನು ಆರಿಸಲು ಮರೆಯಬೇಡಿ.

ಕೋಟೆಯ ಮೇಲೆ ಜನರೇಟರ್ ಇಟ್ಟು ನುಡಿಸುವ ಕನಸು ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಕಯಸ್ ಹುಡುಗರು ಮರುಭೂಮಿಯಲ್ಲಿ ಹಾಗೆ ಮಾಡುತ್ತಿದ್ದರು ನಿಜ, ಆದರೆ ದುರ್ಗದ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಜೋಗಿಮಟ್ಟಿ ವನ್ಯಧಾಮ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ವನ್ಯಧಾಮದ ಪ್ರಾಣಿಗಳಿಗೆ ನಮ್ಮ ರಿಫ್ ಬೇಕಾಗಿಲ್ಲ.

ಇನ್ನು ಕನ್ನಡ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದೇ. ನಿಮ್ಮ ಪತ್ರದಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದೂ ಇದೇ. ಇಂಗ್ಲಿಷ್ ರಾಕ್ ನಾಲ್ಕರ ಲೆಕ್ಕಕ್ಕೆ ಹೊಂದಿಕೊಂಡದ್ದು, ಕನ್ನಡ ಪದಗಳನ್ನು ಅದರೊಳಗೆ ತುರುಕಿದರೆ ಹ್ರಸ್ವಗಳೆಲ್ಲ ದೀರ್ಘವಾಗಿ ಅರ್ಥ ಕೆಡುತ್ತದೆ. ನಿಧಾನ ಲಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅದಕ್ಕೆ ಪದ ಬರೆದು ಆಮೇಲೆ ರಿಫ್‌ಗೆ ಕೂರಿಸುವ ಬದಲು ರಿಫ್ಫನ್ನೇ ನಮ್ಮ ಛಂದಸ್ಸಿನಿಂದ ತೆಗೆಯಿರಿ. ಭಾಮಿನಿ ಷಟ್ಪದಿಯ ನಡೆ ಮೂರು–ನಾಲ್ಕು, ಮೂರು–ನಾಲ್ಕು. ಅಂದರೆ ಏಳು ಏಳು ಮಾತ್ರೆಯ ಎರಡು ಬಾರ್‌ಗೆ (ತಾಳದ ಸುತ್ತಿಗೆ) ಒಂದು ಸಾಲು. ಮೊದಲ ಎರಡು ಸಾಲು 14 ಮಾತ್ರೆಯವು, ಒಟ್ಟು ನಾಲ್ಕು ಬಾರ್. ಮೂರನೆಯ ಸಾಲು ಏಳರ ಮೂರು ಸುತ್ತು ಮತ್ತು ಕೊನೆಗೊಂದು ಗುರು, 23 ಮಾತ್ರೆ. ಅದನ್ನು ನಾಲ್ಕು ಬಾರ್‌ನಲ್ಲಿ ಇಟ್ಟರೆ ಗುರುವಿನ ಆಚೆ ಐದು ಮಾತ್ರೆ ಖಾಲಿ ಉಳಿಯುತ್ತದೆ. ಆ ಐದು ಮಾತ್ರೆಯಲ್ಲಿ ಯಾರೂ ಏನೂ ಹೊಡೆಯಬೇಡಿ, ತಂತಿ ಮೊಳಗಲಿ. ಅರ್ಧ ಪದ್ಯ ಎಂಟು ಬಾರ್‌ಗೆ ಸರಿಯಾಗಿ ಮುಗಿಯುತ್ತದೆ, ಇಡೀ ಪದ್ಯ ಹದಿನಾರಕ್ಕೆ. ಒಂದು ಮಾತ್ರೆಗೆ ಅರ್ಧ ಸೆಕೆಂಡ್ ಕೊಟ್ಟರೆ ಒಂದು ಪದ್ಯಕ್ಕೆ 56 ಸೆಕೆಂಡ್. ಡೂಮ್‌ಗೆ ಇದಕ್ಕಿಂತ ಒಳ್ಳೆಯ ಅಚ್ಚು ನನಗೆ ಕಂಡಿಲ್ಲ. ನಮ್ಮ ಕಡೆ ಗಮಕ ಹಾಡುವ ಹಿರಿಯರು ಇನ್ನೂ ಇದ್ದಾರೆ. ಅವರ ಎದುರು ಒಂದು ಸಂಜೆ ಕೂತು ಕೇಳಿ, ಗುರುವಿನ ಮೇಲೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನೋಡಿ. ವಿಷಯ ಹೊಸತಿರಲಿ, ಭಾಷೆ ಹಳಗನ್ನಡ ಆಗಬೇಕಿಲ್ಲ. ಗಿರಣಿಯ ಹಿರಿಯರು ಆಡಿದ ಮಾತೇ ಆ ನಡೆಗೆ ಬಂದರೆ ಸಾಕು.

ಹಾಡು ಎಷ್ಟು ಉದ್ದ ಇರಬೇಕು? 63 ನಿಮಿಷದ ಆಸೆ ಈಗಲೇ ಬೇಡ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುವುದು ಸುಮಾರು 22 ನಿಮಿಷ, ಅಷ್ಟು ಉದ್ದದ ಎರಡು ಹಾಡು ಒಂದು ಒಳ್ಳೆಯ ಆಲ್ಬಂ. ಸ್ಪಾಟಿಫೈನಂಥ ಕಡೆ 30 ಸೆಕೆಂಡ್ ಕೇಳಿದರೂ ಒಂದು ಲೆಕ್ಕ, 22 ನಿಮಿಷ ಕೇಳಿದರೂ ಅದೇ ಒಂದು ಲೆಕ್ಕ. ದುಡ್ಡಿನ ದೃಷ್ಟಿಯಿಂದ ಇದು ನಷ್ಟದ ವ್ಯಾಪಾರ ಎಂದು ಮೂವರೂ ಮೊದಲೇ ಒಪ್ಪಿಕೊಂಡು ಇಳಿಯಿರಿ. ಮಾಸ್ಟರಿಂಗ್‌ನಲ್ಲಿ ಜೋರು ಮಾಡಲು ಏರಿಳಿತವನ್ನು ಅಳಿಸಿ ಹಿಂಡಬೇಡಿ. ಅಂಥ ತಾಣಗಳು ಎಲ್ಲಾ ಹಾಡುಗಳ ಮಟ್ಟವನ್ನು ತಾವೇ ಸಮ ಮಾಡುತ್ತವೆ, ಹಿಂಡಿದ ಹಾಡು ಅಲ್ಲಿ ಚಪ್ಪಟೆಯಾಗಿ ಕೇಳುತ್ತದೆ, ಮತ್ತು ನೀವು ಅಷ್ಟು ಕಷ್ಟಪಟ್ಟು ಬಿಟ್ಟ ಆ ಐದು ಮಾತ್ರೆಯಲ್ಲಿ ಆಂಪ್‌ನ ಹಿಸ್ಸ್ ಸದ್ದು ಎದ್ದು ಬರುತ್ತದೆ.

ಕೊನೆಗೆ ತಂತಿ. ಗಿಟಾರಿಗೆ ಮಾಮೂಲಿ 10ರ ಸೆಟ್ (ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 10 ಭಾಗ ದಪ್ಪ) ಇಟ್ಟುಕೊಂಡು ಸಿಗೆ ಇಳಿಸಿದರೆ ಬಿಗಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. 12–56 ಅಥವಾ ಅದರ ಹತ್ತಿರದ ಸೆಟ್ ತರಿಸಿ. ಬೇಸ್‌ಗೆ ಸುಲಭ ದಾರಿ ಇದೆ: ಐದು ತಂತಿಯ ಬೇಸಿನ ಸೆಟ್ ಕೊಂಡು ಅದರ ಅತಿ ತೆಳು ತಂತಿಯನ್ನು ಬಿಟ್ಟು, ಬಿ, ಇ, ಎ, ಡಿ ಈ ನಾಲ್ಕನ್ನು ನಿಮ್ಮ ನಾಲ್ಕು ತಂತಿಯ ಬೇಸ್‌ಗೆ ಹಾಕಿ. ಎಲ್ಲವನ್ನೂ ಅರ್ಧಸ್ವರ ಮೇಲಕ್ಕೆ ಎಳೆದರೆ ಸರಿಯಾಗಿ ಸಿ ಶ್ರುತಿ ಬರುತ್ತದೆ, ತಂತಿ ಬಿಗಿಯಾಗಿಯೂ ಇರುತ್ತದೆ, ಫ್ರೆಟ್‌ಗೆ ಬಡಿಯುವುದು ನಿಲ್ಲುತ್ತದೆ. ದಪ್ಪ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿಯ) ಸೀಳಿನಲ್ಲಿ ಕೂರದಿದ್ದರೆ ಸೀಳನ್ನು ಅಗಲ ಮಾಡಿಸಬೇಕು, ಆಳ ಮಾಡಿಸಬಾರದು. ಆ ಕೆಲಸವನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ, ಗಿಟಾರ್ ರಿಪೇರಿ ಬಲ್ಲವರ ಕೈಯಲ್ಲೇ ಮಾಡಿಸಿ. ತಂತಿ ಬದಲಿಸಿದ ಮೇಲೆ ಫಜ್ ಇಲ್ಲದೆ, ಶ್ರುತಿಯ ಮೇಲೆ, ಒಂದೇ ರಿಫ್ಫನ್ನು ಹತ್ತು ನಿಮಿಷ ನುಡಿಸಿ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಕೇಳಿ, ಡ್ರಮ್ಮರ್ ಎಲ್ಲಿ ಓಡುತ್ತಿದ್ದಾರೆ ಅಂತ ನಿಮಿಷ ಸಮೇತ ಬರೆದು ಕಳಿಸುತ್ತೇನೆ.